ನಿಮಗಿದು ಗೊತ್ತೇ? ಹಿತ್ತಲಿನ ಕೆಂಡ, ಕೆಂಡದ ಬಾಡು

ಕೆಂಡದ ಮೇಲೆ ಬಾಡು ಸುಡುವಾಗ ಬೀದಿ ತುಂಬ ಹರಡುವ ಘಮದಲ್ಲಿ ಇದ್ದಿಲಿನ ಪಾಲು ತೀರಾ ಕಡಿಮೆ, ಗೊತ್ತೇ? ಪೂರ್ತಿ ಹೊತ್ತಿಕೊಂಡ ಇದ್ದಿಲಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಬಾಡಿನಿಂದ ಕರಗಿ ತೊಟ್ಟಿಕ್ಕುವ ಕೊಬ್ಬು, ರಸ ಕೆಂಡದ ಮೇಲೆ ಬಿದ್ದು ಚುರ್ ಎಂದು ಹೊಗೆಯಾಗಿ ಎದ್ದು ಮತ್ತೆ ಬಾಡಿಗೇ ಅಂಟಿಕೊಳ್ಳುತ್ತದಲ್ಲ, ಆ ಪರಿಮಳ ಅದರದ್ದು. ಕೊಬ್ಬನ್ನೆಲ್ಲ ಕೆರೆದು ತೆಗೆಸಿದ ಬರೀ ಎದೆಮಾಂಸ ಎಷ್ಟೇ ಒಳ್ಳೆಯ ಇದ್ದಿಲಿನ ಮೇಲಿಟ್ಟರೂ ಸಪ್ಪೆಯಾಗುವುದು ಇದಕ್ಕೇ.

ಆದರೆ ಕಟ್ಟಿಗೆಯ ಮಾತು ಬೇರೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಕಾದು ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಸುವಾಸನೆಯ ವಸ್ತುಗಳು ಹುಟ್ಟುತ್ತವೆ. ನಾವು 'ಹೊಗೆಯ ರುಚಿ' ಎನ್ನುವುದು ಇವನ್ನೇ. ದಟ್ಟ ಬಿಳಿ ಹೊಗೆ ಎಂದರೆ ಸೌದೆ ಅರೆಬರೆ ಉರಿಯುತ್ತಿದೆ ಎಂದರ್ಥ; ಅದರಲ್ಲಿ ಸುಟ್ಟದ್ದು ಕಹಿ. ಕಣ್ಣಿಗೆ ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬಂದಾಗ ಬಾಡು ಇಡಬೇಕು.

ಉತ್ತರ ಕರ್ನಾಟಕದ ರೈತ ಶಾಪ ಹಾಕುವ ಬಳ್ಳಾರಿ ಜಾಲಿ, ಅಮೆರಿಕದ ಟೆಕ್ಸಾಸ್‌ನವರು ಬಾಡು ಸುಡಲು ಮೆಚ್ಚುವ ಮೆಸ್ಕೀಟ್ ಮರದ ಖಾಸಾ ದಾಯಾದಿ! ಎರಡೂ ಒಂದೇ ಕುಲದವು. ನಮ್ಮಲ್ಲಿ ಬಂದು ಬೇರುಬಿಟ್ಟ ಜಾತಿಯ ತವರೂ ಅಮೆರಿಕ ಖಂಡವೇ. ಕೆರೆಯಂಗಳ, ಬೀಳುಭೂಮಿ ಎಲ್ಲವನ್ನೂ ನುಂಗಿದ ಈ ಮುಳ್ಳುಗಿಡದ ಇದ್ದಿಲು ಮಾತ್ರ ಕಾವಿನಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಅಲ್ಲಿ ಚೀಲಕ್ಕೆ ತುಂಬಿ ಡಾಲರಿಗೆ ಮಾರುತ್ತಾರೆ, ಇಲ್ಲಿ ಜೆಸಿಬಿ ತರಿಸಿ ಕೀಳಿಸುತ್ತೇವೆ.

ತಿಪಟೂರು ಕೊಬ್ಬರಿಗೆ ಹೆಸರುವಾಸಿ. ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟದ ಇದ್ದಿಲು ಮರದ ಇದ್ದಿಲಿಗಿಂತ ಗಟ್ಟಿ, ಹೊಗೆ ಕಡಿಮೆ, ಬಹಳ ಹೊತ್ತು ಕಾವು ಹಿಡಿಯುತ್ತದೆ. ಹಿತ್ತಲಲ್ಲಿ ಕರಟ ರಾಶಿ ಬಿದ್ದಿರುವವರು ಅಂಗಡಿಯ ಇದ್ದಿಲಿಗೆ ದುಡ್ಡು ಕೊಡುವ ಮೊದಲು ಇತ್ತ ಒಮ್ಮೆ ನೋಡಬಹುದು. ಒಂದೇ ಎಚ್ಚರ: ಹಸಿ ಕರಟವನ್ನು ನೇರವಾಗಿ ಉರಿಸಿದರೆ ಮೊದಲಿಗೆ ಎಣ್ಣೆಹೊಗೆ ಏಳುತ್ತದೆ. ಅದು ನಿಂತು ಕರಟ ಕೆಂಪಗಾಗುವವರೆಗೆ ಬಾಡು ದೂರವೇ ಇರಲಿ.

ಸೀಬೆ, ಮಾವು, ಹುಣಸೆ, ಜಾಲಿ: ನಡೆಯುತ್ತದೆ. ಅಂಟು ಸೋರುವ ಪೈನ್ ಜಾತಿಯ ಸೌದೆ: ಮಸಿ, ಕಹಿ. ಪ್ಲೈವುಡ್, ಬಣ್ಣ ಬಳಿದ ಕಿಟಕಿ ಚೌಕಟ್ಟು, ಔಷಧಿ ಹೊಡೆದ ಹಲಗೆ: ಬೇಡವೇ ಬೇಡ. ಕಣಗಿಲೆ ಕಡ್ಡಿಗೆ ಮಾಂಸ ಚುಚ್ಚುವುದಂತೂ ಯೋಚನೆಗೂ ಬರಬಾರದು, ಅದು ಬೇರಿನಿಂದ ಹೂವಿನವರೆಗೂ ವಿಷ.

ಮೋಟಾರು ಕಾರಿಗೂ ಸುಟ್ಟ ಬಾಡಿಗೂ ಏನು ಸಂಬಂಧ? ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗೆ ಮರದ ಭಾಗಗಳು ಬೇಕಾಗುತ್ತಿದ್ದವು. ಮಿಷಿಗನ್ ರಾಜ್ಯದ ಐರನ್ ಮೌಂಟನ್‌ನಲ್ಲಿದ್ದ ಕಾರ್ಖಾನೆಯಲ್ಲಿ ರಾಶಿ ಬೀಳುತ್ತಿದ್ದ ಚಕ್ಕೆ, ಹೊಟ್ಟನ್ನು ಹೆನ್ರಿ ಫೋರ್ಡ್ ಬಿಸಾಡದೆ ಇದ್ದಿಲಿನ ಉಂಡೆ ಮಾಡಿಸಿ, ಕಾರು ಮಾರುವ ಅಂಗಡಿಗಳಲ್ಲೇ ಮಾರಿಸಿದ. ಆ ಜಾಗ ಹುಡುಕಿಕೊಟ್ಟವನು ಅವನ ಸೋದರ ಸಂಬಂಧಿಯ ಗಂಡ ಎಡ್ವರ್ಡ್ ಕಿಂಗ್ಸ್‌ಫೋರ್ಡ್. ಇವತ್ತು ಅಮೆರಿಕದ ಹಿತ್ತಲುಗಳಲ್ಲಿ ಕಾಣುವ ಕಿಂಗ್ಸ್‌ಫೋರ್ಡ್ ಇದ್ದಿಲಿನ ಹೆಸರು ಅವನದೇ. ಹಾಗೆ ನೋಡಿದರೆ ಇದ್ದಿಲು ಉಂಡೆಗೆ ಪೇಟೆಂಟ್ ಇನ್ನೂ ಹಿಂದಿನದು: 1897ರಲ್ಲಿ ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವಾಯರ್ ಪಡೆದದ್ದು.

ಜಪಾನಿನ ವಾಕಯಾಮದಲ್ಲಿ ಓಕ್ ಜಾತಿಯ ಮರದಿಂದ ಮಾಡುವ ಬಿಂಚೋತಾನ್ ಇದ್ದಿಲನ್ನು ಒಂದಕ್ಕೊಂದು ತಾಗಿಸಿದರೆ ಲೋಹದ ಹಾಗೆ ಠಣ್ ಎನ್ನುತ್ತದೆ. ಗೂಡಿನಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಹೊರಗೆಳೆದು, ಬೂದಿ ಮಣ್ಣಿನ ಮಿಶ್ರಣ ಮುಚ್ಚಿ ಆರಿಸುತ್ತಾರೆ. ಹೊತ್ತಿಸುವುದು ಕಷ್ಟ, ಹೊತ್ತಿದರೆ ಗಂಟೆಗಟ್ಟಲೆ ಆರದು. ಕೋಳಿ ಚೂರನ್ನು ಕಡ್ಡಿಗೆ ಚುಚ್ಚಿ ಸುಡುವ ಯಾಕಿತೋರಿಯವರಿಗೆ ಇದೇ ಬೇಕು.

ಸೀಮೆಎಣ್ಣೆ ಸುರಿದು ಇದ್ದಿಲು ಹೊತ್ತಿಸುವವರಿಗೆ ಒಂದು ಮಾತು: ಆ ನಾತ ನಿಮ್ಮ ಮಸಾಲೆಗಿಂತ ಮುಂಚೆ ಬಾಡಿಗೆ ಹತ್ತುತ್ತದೆ. ಉದ್ದನೆಯ ಕಬ್ಬಿಣದ ಡಬ್ಬಿಯ ತಳಕ್ಕೆ, ಪಕ್ಕಕ್ಕೆ ತೂತು ಹೊಡೆಯಿರಿ. ಮೇಲೆ ಇದ್ದಿಲು, ಕೆಳಗೆ ಹಳೆಯ ವೃತ್ತಪತ್ರಿಕೆಯ ಎರಡು ಹಾಳೆ. ಬಿಸಿಗಾಳಿ ಮೇಲೇರುತ್ತ ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಬೀಸಣಿಗೆಯ ಹಂಗಿಲ್ಲದೆ ಕೆಂಡ ಸಿದ್ಧ. ಡಬ್ಬಿಯಾಗಲಿ ಜಾಲರಿಯಾಗಲಿ ಸತು ಲೇಪಿಸಿದ್ದು ಆಗದು, ಕಾದಾಗ ಅದರ ಹೊಗೆ ವಿಷ. ಹಳೆಯ ಫ್ರಿಜ್ಜಿನ ತಂತಿ ತಟ್ಟೆಯನ್ನು ಜಾಲರಿ ಮಾಡಿಕೊಳ್ಳುವ ಜಾಣತನವೂ ಬೇಡ. ಅಂಥ ಕೆಲವು ತಟ್ಟೆಗಳ ಲೇಪನದಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು.

ಮೂರು ಕಲ್ಲಿನ ಒಲೆ ಹೂಡುವಿರಾ? ಹೊಳೆಯ ಗುಂಡುಕಲ್ಲು ತರಬೇಡಿ. ಒಳಗೆ ಸೇರಿಕೊಂಡ ನೀರು ಆವಿಯಾದಾಗ ಅದು ಸಿಡಿಯಬಹುದು. ಇಟ್ಟಿಗೆ ಸಾಕು.

ಈಗ ಅಸಲು ವಿಷಯ. ನಮ್ಮ ಮಟನ್ ಅಂಗಡಿಯವರು ಕಣ್ಣು ಮುಚ್ಚಿ ಕಡಿದು ಕೊಡುವುದು ಸಾರಿನ ಮಾಂಸ: ಮೂಳೆ ಸಮೇತ, ಒಂದೊಂದು ತುತ್ತಿನಷ್ಟು, ತೊಡೆ ಪಕ್ಕೆ ಕತ್ತು ಎಲ್ಲ ಸೇರಿಸಿ. ಕುಕ್ಕರಿಗೆ ಅದು ಬಂಗಾರ, ಕೆಂಡಕ್ಕೆ ದಂಡ. ಕತ್ತಿನ ತುಂಡು ಬೇಯುವ ಹೊತ್ತಿಗೆ ಪಕ್ಕದ ಮೆತ್ತನೆ ತುಂಡು ಬೆಂದು ಒಣಗಿ ಸೌದೆಯಾಗಿರುತ್ತದೆ. ಕೆಂಡಕ್ಕೆಂದು ಕೊಳ್ಳುವಾಗ 'ಅಣ್ಣ, ಕಡೀಬೇಡಿ' ಎನ್ನುವುದೇ ಅರ್ಧ ವಿದ್ಯೆ. ಚಾಪ್ಸ್ ಬೇಕೆಂದರೆ ಪಕ್ಕೆಮೂಳೆಯ ಸಾಲಿನಲ್ಲಿ ಒಂದೇ ದಪ್ಪಕ್ಕೆ, ತೊಡೆಯಾದರೆ ಮೂಳೆ ಬಿಡಿಸಿ ಇಡಿಯಾಗಿ ಕೇಳಿ. ತುಂಡು ಮಾಡುವುದಿದ್ದರೆ ಮನೆಯಲ್ಲೇ, ಒಂದೇ ಅಳತೆಗೆ.

ಹೊಸತೊಡಕಿನ ಬೆಳಿಗ್ಗೆ ಐದಕ್ಕೇ ಸಾಲು ನಿಂತು 'ಈಗ ತಾನೇ ಕೊಯ್ದದ್ದು' ತರುವುದು ನಮಗೆ ಹೆಮ್ಮೆ. ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಗೊತ್ತೇ? ಕುರಿ ಮೇಕೆಯಲ್ಲಿ ಆ ಬಿಗಿತ ಇಳಿಯಲು ಸುಮಾರು ಒಂದು ದಿನ ಬೇಕು. ಆಮೇಲೆ ಮಾಂಸದೊಳಗಿನ ಕಿಣ್ವಗಳೇ ನಾರನ್ನು ನಿಧಾನವಾಗಿ ಸಡಿಲಿಸುತ್ತವೆ. ಸಾರಿನಲ್ಲಿ ಕುದಿದು ಕುದಿದು ಎಲ್ಲ ಸರಿಹೋಗುತ್ತದೆ; ಕೆಂಡದ ಮೇಲೆ ಹತ್ತು ನಿಮಿಷ ಇರುವ ಮಾಂಸಕ್ಕೆ ಆ ಅವಕಾಶವಿಲ್ಲ. ತಂದ ಮಟನ್ನನ್ನು ಫ್ರಿಜ್ಜಿನಲ್ಲಿ (ಫ್ರೀಜರ್ ಅಲ್ಲ) ಒಂದು ದಿನ ಇಟ್ಟು ಸುಟ್ಟು ನೋಡಿ. ಮನೆಯ ಹಿರಿಯರು ಮುಖ ಸಿಂಡರಿಸಿದರೆ ತಿಂದಾದ ಮೇಲೆ ಹೇಳಿದರಾಯಿತು.

ನಾಟಿ ಕೋಳಿ ಕೆಂಡಕ್ಕಲ್ಲ. ಈ ಮಾತಿಗೆ ಜಗಳಕ್ಕೆ ಬರುವವರಿದ್ದಾರೆ, ಬರಲಿ. ಓಡಾಡಿ ಬೆಳೆದ, ವಯಸ್ಸಾದ ಕೋಳಿಯ ಸ್ನಾಯುವಿನಲ್ಲಿ ಕೊಲಾಜೆನ್ ಎಂಬ ಅಂಟುನಾರು ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ. ಅದು ಕರಗಲು ತೇವ, ಕಾವು, ಗಂಟೆಗಟ್ಟಲೆ ಸಮಯ ಮೂರೂ ಬೇಕು. ಮುದ್ದೆಯ ಜೊತೆಗಿನ ನಾಟಿ ಕೋಳಿ ಸಾರಿಗೆ ಆ ಮೈ ಬಂದದ್ದು ಅದೇ ಕೊಲಾಜೆನ್ ಕರಗಿ. ಸುಡಲೇಬೇಕೆಂದರೆ ಇನ್ನೂ ಮೊಟ್ಟೆ ಇಡದ ಯಾಟೆ ಹುಡುಕಿ.

ಆದರೆ ನಾಟಿ ಕೋಳಿಗೆ ಪುಕ್ಕ ಕಿತ್ತ ಮೇಲೆ ಹುಲ್ಲಿನ ಉರಿಯಲ್ಲಿ ಸೀಯಿಸಿ ಅರಿಶಿನ ತಿಕ್ಕುತ್ತಾರಲ್ಲ, ಅದು ಬರೀ ಕೂದಲು ತೆಗೆಯುವ ಉಪಾಯವಲ್ಲ. ಆ ಚರ್ಮ ಕಂದುಬಣ್ಣಕ್ಕೆ ತಿರುಗುವಾಗ ಹುಟ್ಟುವ ಸುವಾಸನೆ ಕೊನೆಗೆ ಸಾರಿಗೂ ಇಳಿಯುತ್ತದೆ. ತಲೆ, ಕಾಲು ಸುಟ್ಟುಕೊಡುವ ಕಸುಬಿನದೂ ಇದೇ ಗುಟ್ಟು.

ಬಂಡೂರು ಅಥವಾ ಬನ್ನೂರು ಕುರಿ ಬಗ್ಗೆ ಮಂಡ್ಯದವರ ಹೊಗಳಿಕೆ ಪೂರ್ತಿ ಅತಿಶಯೋಕ್ತಿಯಲ್ಲ. ಮಳವಳ್ಳಿ ತಾಲೂಕಿನ ಬಂಡೂರಿನ ಹೆಸರು ಹೊತ್ತ ಈ ಗಿಡ್ಡ, ತುಂಬುಮೈಯ ತಳಿಯನ್ನು ಹಿಂದಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷಿನ 'ಯು' ಕಾಣಬೇಕು ಎನ್ನುತ್ತಾರೆ ಬಲ್ಲವರು. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಹರಡಿರುವುದು ಇದರ ಹೆಗ್ಗಳಿಕೆ, ಕೆಂಡದ ಮೇಲೆ ಕೆಲಸ ಮಾಡುವುದೂ ಅದೇ. ಕೊರತೆಯೆಂದರೆ ಅಸಲಿ ತಳಿ ಕಡಿಮೆ, 'ಬನ್ನೂರು ಮಟನ್' ಎಂಬ ಬೋರ್ಡು ಜಾಸ್ತಿ.

ಬಾಡು ಸುಡುವ ವಿದ್ಯೆ ಟಿವಿ ನೋಡಿ ಕಲಿತದ್ದು ಎಂದುಕೊಂಡಿದ್ದೀರಾ? ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದು ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗ ಓದಿದರೆ ಇವತ್ತಿನ ಬಾಣಸಿಗರೂ ಬೆರಗಾಗಬೇಕು. ಮಾಂಸದ ತುಂಡಿಗೆ ತೂತು ಮಾಡಿ ಮಸಾಲೆ ತುಂಬಿ, ಕಂಬಿಗೆ ಚುಚ್ಚಿ ಕೆಂಡದಲ್ಲಿ ಸುಡುವ 'ಭಡಿತ್ರಕ' ಅದರಲ್ಲಿದೆ. ಪಿತ್ತಜನಕಾಂಗವನ್ನು ಅಡಿಕೆ ಗಾತ್ರಕ್ಕೆ ಹೆಚ್ಚಿ ಕೆಂಡದ ಮೇಲೆ ಸುಟ್ಟು, ಮಸಾಲೆಯಲ್ಲಿ ಹುರಿದು ಮೊಸರಿಗೆ ಹಾಕುವ ಕ್ರಮವಿದೆ. ಹಂದಿಯ ಮೇಲೆ ಬಿಳಿ ಬಟ್ಟೆ ಹೊದಿಸಿ ಬಿಸಿನೀರು ಸುರಿದು ಕೂದಲು ತೆಗೆಯುವ ವಿವರವಿದೆ. ಹೊಲದ ಇಲಿಯನ್ನೂ ಬಿಟ್ಟಿಲ್ಲ! ರಾಜ್ಯಭಾರದ ನಡುವೆ ರಾಜನೊಬ್ಬ ಲಿವರ್ ಎಷ್ಟು ಗಾತ್ರಕ್ಕೆ ಹೆಚ್ಚಬೇಕೆಂದು ಬರೆದಿಟ್ಟನೆಂದರೆ, ಆ ಆಳ್ವಿಕೆಯ ಬಗ್ಗೆ ನನಗೇಕೋ ಒಳ್ಳೆಯ ಅಭಿಪ್ರಾಯ ಮೂಡುತ್ತದೆ.

ಅಡಿಕೆ ಗಾತ್ರ ಎಂದದ್ದರಲ್ಲೂ ಲೆಕ್ಕವಿದೆ. ಲಿವರ್ ತುಂಡು ದೊಡ್ಡದಾದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ರಬ್ಬರು. ಚಿಕ್ಕ ತುಂಡು, ಜೋರು ಕೆಂಡ, ಎರಡೇ ನಿಮಿಷ.

ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ಅಮೈನೋ ಆಮ್ಲ ಮತ್ತು ಸಕ್ಕರೆ ಕಾವಿನಲ್ಲಿ ಕೂಡಿ ಕಂದಾಗುವುದನ್ನು ವಿವರಿಸಿದ. ದೋಸೆಯ ಗರಿ, ಹುರಿದ ಕಾಫಿ ಬೀಜ, ಸುಟ್ಟ ಬಾಡಿನ ಕಂದು ಹೊರಪದರ ಎಲ್ಲಕ್ಕೂ ಮೂಲ ಅದೇ. ಅದು ಜೋರಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. ಮೇಲ್ಮೈ ಒದ್ದೆಯಿದ್ದರೆ ನೀರು ಆರುವ ತನಕ ಅದು 100 ದಾಟದು. ಹಾಗಾಗಿ ಕೋಳಿ ತೊಳೆದು ನೀರು ತೊಟ್ಟಿಕ್ಕುವಂತೆ ಜಾಲರಿಗೆ ಇಟ್ಟರೆ ನೀವು ಸುಡುತ್ತಿಲ್ಲ, ಹಬೆಯಲ್ಲಿ ಬೇಯಿಸುತ್ತಿದ್ದೀರಿ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ. ಅಂದಹಾಗೆ, ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದರಿಂದ ರೋಗಾಣು ಸಾಯುವುದಿಲ್ಲ, ಸಿಂಕು ಕಟ್ಟೆಗೆಲ್ಲ ಸಿಡಿಯುತ್ತದೆ.

'ಜೋರು ಉರಿಯಲ್ಲಿ ಮೊದಲು ಮುಖ ಸುಟ್ಟರೆ ರಸ ಒಳಗೇ ಉಳಿಯುತ್ತದೆ.' ಸುಳ್ಳು! ಜರ್ಮನಿಯ ದೊಡ್ಡ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ 19ನೇ ಶತಮಾನದಲ್ಲಿ ಹಬ್ಬಿಸಿದ ನಂಬಿಕೆ ಇದು. ಸುಟ್ಟ ಹೊರಪದರ ನೀರು ತಡೆಯುವ ಗೋಡೆಯಲ್ಲ ಎಂದು ಹೆರಾಲ್ಡ್ ಮೆಗೀ 1984ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಮುಖ ಸುಡುವುದು ರುಚಿಗೆ. ರಸ ಉಳಿಯುವುದು ಒಳಗಿನ ಕಾವು ಮಿತಿ ಮೀರದಿದ್ದರೆ ಮಾತ್ರ.

ಉಪ್ಪು ಯಾವಾಗ? ಕೆಂಡಕ್ಕೆ ಇಡುವ ಕ್ಷಣದಲ್ಲಿ, ಇಲ್ಲವೇ ಮುಕ್ಕಾಲು ಗಂಟೆಗಿಂತ ಮೊದಲು. ನಡುವಿನ ಹೊತ್ತು ಕೆಟ್ಟದ್ದು: ಉಪ್ಪು ನೀರು ಎಳೆದು ಮೇಲೆ ನಿಲ್ಲಿಸಿರುತ್ತದೆ, ಅದು ಇನ್ನೂ ಒಳಕ್ಕೆ ಹಿಂದಿರುಗಿರುವುದಿಲ್ಲ. ಹಿಂದಿನ ರಾತ್ರಿಯೇ ಕಿಲೋಗೆ ಹತ್ತು ಹನ್ನೆರಡು ಗ್ರಾಂ ಉಪ್ಪು ಸವರಿ ಫ್ರಿಜ್ಜಿನಲ್ಲಿ ತೆರೆದಿಟ್ಟರೆ ಉಪ್ಪು ಆಳಕ್ಕಿಳಿಯುತ್ತದೆ, ಮೇಲ್ಮೈಯೂ ಒಣಗುತ್ತದೆ.

ಇಡೀ ರಾತ್ರಿ ಮಸಾಲೆಯಲ್ಲಿ ನೆನೆಸಿದರೂ ಶುಂಠಿ ಬೆಳ್ಳುಳ್ಳಿ ಗರಂ ಮಸಾಲೆ ಇಳಿಯುವುದು ಕೆಲವೇ ಮಿಲಿಮೀಟರು. ಆಳಕ್ಕೆ ಹೋಗುವುದು ಉಪ್ಪೊಂದೇ. ಅದಕ್ಕೇ ಕೋಳಿ ಕಾಲಿಗೆ ಗೀರು ಹಾಕುವುದು. ಸೋಮೇಶ್ವರ ತೂತು ಮಾಡಿ ಮಸಾಲೆ ತುಂಬಿಸಿದ್ದೂ ಇದಕ್ಕೇ ಇರಬೇಕು!

ಪರಂಗಿಕಾಯಿಯ ಪಪೈನ್, ಅನಾನಸಿನ ಬ್ರೊಮೆಲೈನ್, ಹಸಿಶುಂಠಿಯ ಕಿಣ್ವ: ಮೂರೂ ಮಾಂಸದ ಪ್ರೋಟೀನನ್ನು ಕತ್ತರಿಸುತ್ತವೆ. ಪಪೈನ್ ಚುರುಕಾಗುವುದು ಮಾಂಸ ಬಿಸಿಯೇರುವಾಗ. ಅಳತೆ ಮೀರಿದರೆ ಹೊರಗೆ ಗಂಜಿ, ಒಳಗೆ ಎಂದಿನ ಗಟ್ಟಿ. ನಿಂಬೆರಸ, ಕೊಡಗಿನ ಕಾಚಂಪುಳಿಯಂಥ ಹುಳಿಗಳೂ ಹಾಗೇ: ಹೆಚ್ಚು ಹೊತ್ತು ಬಿಟ್ಟರೆ ಮೇಲ್ಪದರ ಸುಣ್ಣದ ಹಾಗೆ ಪುಡಿಪುಡಿ. ಮೊಸರಿನ ಹುಳಿ ಸೌಮ್ಯ, ರಾತ್ರಿಯಿಡೀ ಬಿಟ್ಟರೂ ಕೆಡಿಸುವುದಿಲ್ಲ. ಕೊರಿಯಾದಲ್ಲಿ ಬುಲ್ಗೋಗಿ ಎಂಬ ಸುಟ್ಟ ಬಾಡಿಗೆ ಪಿಯರ್ ಹಣ್ಣು ತುರಿದು ಹಾಕುವುದೂ ಈ ಕಿಣ್ವದ ಆಸೆಗೇ.

ಕಬಾಬ್ ಎಂದರೆ ಕೆಂಪು ಎನ್ನುವ ಕಾಲ ಹೋಯಿತು. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕೋಳಿ, ಮೀನು, ತರಕಾರಿ ಕಬಾಬ್‌ಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲಿರುವಾಗ ಡಬ್ಬಿ ಬಣ್ಣವಾದರೂ ಯಾಕೆ? 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿ ಖಾರದಲ್ಲಿ ಸೌಮ್ಯ, ಬಣ್ಣದಲ್ಲಿ ಪ್ರಚಂಡ. ಅದರ ಕೆಂಪು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ನೆನೆಸಿ ರುಬ್ಬಿದ ಮೆಣಸಿನಕಾಯಿಗೆ ಬೆಚ್ಚಗಿನ ಎಣ್ಣೆ ಬೆರೆಸಿ ಆಮೇಲೆ ಮಾಂಸಕ್ಕೆ ಸವರಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಬೆಲ್ಲ, ಜೇನು, ಟೊಮೆಟೊ ಸಾಸ್: ಕೊನೆಯ ಐದು ನಿಮಿಷಕ್ಕೆ. ಮೊದಲೇ ಬಳಿದರೆ ಮಾಂಸ ಹಸಿ, ಸಕ್ಕರೆ ಕರಿ.

ಕೆಂಡವನ್ನು ಪೂರ್ತಿ ಹರಡುವುದು ಎಲ್ಲರೂ ಮಾಡುವ ತಪ್ಪು. ಅರ್ಧಕ್ಕೆ ಕೆಂಡ, ಅರ್ಧ ಖಾಲಿ ಇರಲಿ. ಕೆಂಡದ ಮೇಲೆ ಬಣ್ಣ ಬರಿಸಿ, ಖಾಲಿ ಕಡೆಗೆ ಸರಿಸಿ, ಮುಚ್ಚಳ ಮುಚ್ಚಿ ಒಳಗೆ ಬೇಯಿಸಿ. ಕೋಳಿ ಕಾಲು ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುವ ರೋಗಕ್ಕೆ ಇದಕ್ಕಿಂತ ಮದ್ದಿಲ್ಲ. ಬೆಂಕಿ ಭಗ್ಗೆಂದು ಎದ್ದರೂ ಓಡಿಸಲು ಒಂದು ಜಾಗ ಇರುತ್ತದೆ. ನೀರು ಚಿಮುಕಿಸಿದರೆ ಬೂದಿ ಹಾರಿ ಬಾಡಿಗೆ ಮೆತ್ತಿಕೊಳ್ಳುತ್ತದೆ ಅಷ್ಟೇ.

ಮುಚ್ಚಳ ಎಂದಾಗ ನೆನಪಾಯಿತು. 1952ರಲ್ಲಿ ಷಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್‌ಗೆ ಮಳೆಗಾಳಿಯಲ್ಲಿ ತೆರೆದ ಒಲೆಯ ಕಾಟ ಸಾಕಾಗಿತ್ತು. ಕಾರ್ಖಾನೆಯಲ್ಲಿ ಮಾಡುತ್ತಿದ್ದ ನೀರಿನ ಮೇಲೆ ತೇಲುವ ಲೋಹದ ಬುರುಡೆಯನ್ನು ಅಡ್ಡಲಾಗಿ ಕೊಯ್ದು ಕೆಳಗರ್ಧ ಒಲೆ, ಮೇಲರ್ಧ ಮುಚ್ಚಳ ಮಾಡಿದ. ಕಾಲು ಜೋಡಿಸಿದ. ಆ ಗುಂಡನೆ ಗ್ರಿಲ್ಲಿನ ಆಕಾರ ಇವತ್ತಿಗೂ ಬದಲಾಗಿಲ್ಲ. ಅದರ ಗಾಳಿಕಿಂಡಿ ತೆರೆದರೆ ಕಾವು ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಕಾವು ಜಾಸ್ತಿಯಾಯಿತೆಂದು ಮುಚ್ಚಳ ತೆಗೆಯುವವರು ಬೆಂಕಿಗೆ ಇನ್ನಷ್ಟು ಗಾಳಿ ಊಟ ಹಾಕುತ್ತಿರುತ್ತಾರೆ.

ಥರ್ಮಾಮೀಟರ್ ಇಲ್ಲದವರಿಗೆ ಅಂಗೈ: ಜಾಲರಿಯ ಮೇಲೆ ಗೇಣಿಗಿಂತ ತುಸು ಕಡಿಮೆ ಎತ್ತರದಲ್ಲಿ ಹಿಡಿದು ಎರಡು ಮೂರು ಸೆಕೆಂಡಿಗೇ ಎಳೆದುಕೊಂಡರೆ ಜೋರು ಕೆಂಡ, ಐದಾರು ಸೆಕೆಂಡು ತಡೆದರೆ ಹದ.

ಒಂದೇ ಸಲ ತಿರುಗಿಸಬೇಕು ಎಂಬ ನಿಯಮ ಯಾರು ಮಾಡಿದರೋ! ನಿಮಿಷಕ್ಕೊಮ್ಮೆ ತಿರುಗಿಸುತ್ತಿದ್ದರೆ ಎರಡೂ ಕಡೆ ಸಮವಾಗಿ, ಬೇಗ ಬೇಯುತ್ತದೆ. ಕರಕಲೂ ಕಡಿಮೆ.

ಬೆಂದಿದೆಯೇ? ಅಮೆರಿಕದ ಕೃಷಿ ಇಲಾಖೆಯ ಅಳತೆ ಹೀಗೆ: ಕೋಳಿ 74 ಡಿಗ್ರಿ, ಖೀಮಾ 71, ಕುರಿ ಹಂದಿಯ ಇಡೀ ತುಂಡು 63 ಮತ್ತು ಮೂರು ನಿಮಿಷ ವಿಶ್ರಾಂತಿ. ಖೀಮಾಗೆ ಯಾಕೆ ಹೆಚ್ಚು? ಇಡೀ ತುಂಡಿನಲ್ಲಿ ರೋಗಾಣು ಇರುವುದು ಬಹುತೇಕ ಹೊರಮೈಯಲ್ಲಿ. ಅರೆದಾಗ ಹೊರಗಿನದು ಒಳಗೂ ಸೇರುತ್ತದೆ. ಎಲ್ಲಿಂದ ಬಂತೆಂದು ತಿಳಿಯದ ಹಂದಿಮಾಂಸವನ್ನು ಮಾತ್ರ ನಮ್ಮ ಕಡೆ ಪೂರ್ತಿ ಬೇಯಿಸುವುದೇ ಕ್ಷೇಮ, ಲಾಡಿಹುಳದ ಭಯ ಇದ್ದದ್ದೇ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಈಗ ದುಬಾರಿಯೇನಲ್ಲ. ಮೂಳೆಗೆ ತಾಗದಂತೆ ಅತಿ ದಪ್ಪ ಜಾಗಕ್ಕೆ ಚುಚ್ಚಿ. ಒಲೆಯಿಂದ ಇಳಿಸಿದ ಮೇಲೂ ದಪ್ಪ ತುಂಡಿನ ಒಳಗಾವು ಮೂರು ನಾಲ್ಕು ಡಿಗ್ರಿ ಏರುತ್ತದೆ.

ಕೋಳಿಯ ಎದೆ 74 ದಾಟಿದರೆ ಹತ್ತಿಯಾಗುತ್ತದೆ. ಕಾಲು ಹಾಗಲ್ಲ, 80 ದಾಟಿದಾಗಲೇ ಅದರ ಅಂಟುನಾರು ಸಡಿಲವಾಗುವುದು. ಎರಡಕ್ಕೂ ಒಂದೇ ಸಮಯ ಕೊಡುವುದು ಅನ್ಯಾಯ. ಇಡೀ ಕೋಳಿಯಾದರೆ ಬೆನ್ನೆಲುಬು ಕತ್ತರಿಸಿ ತೆಗೆದು, ಚಪ್ಪಟೆಯಾಗಿ ಒತ್ತಿ, ಕಾಲಿನ ಕಡೆ ಕೆಂಡಕ್ಕೆ ಹತ್ತಿರ ಇಡಿ.

ಮೂಳೆಯ ಹತ್ತಿರ ಕೆಂಪಗೆ ಕಂಡರೆ ಹಸಿ ಎಂದೇ ತಿಳಿಯಬೇಕಿಲ್ಲ. ಬ್ರಾಯ್ಲರ್ ಕೋಳಿ ಎಳೆಯದು, ಅದರ ಮೂಳೆಯಿಂದ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ. ತಟ್ಟೆಯಲ್ಲಿ ನಿಂತ ಕೆಂಪು ನೀರೂ ರಕ್ತವಲ್ಲ. ಮಯೋಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು.

ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ರಂಜಾನ್ ಸಂಜೆ ಸೀಕ್ ಕಬಾಬ್ ಕಂಬಿಗೆ ಹಿಡಿಸುವವರ ಕೈ ನೋಡಿದ್ದೀರಾ? ಖೀಮಾ ಜಾರದೆ ನಿಲ್ಲುವುದರ ಹಿಂದೆ ರಸಾಯನವಿದೆ. ಉಪ್ಪು ಹಾಕಿ ನಾದಿದಾಗ ಮಯೋಸಿನ್ ಎಂಬ ಪ್ರೋಟೀನು ಹೊರಬಂದು ಅಂಟಾಗುತ್ತದೆ. ಖೀಮಾ ತಣ್ಣಗಿರಬೇಕು, ಬೆಚ್ಚಗಾದರೆ ಕೊಬ್ಬು ಕರಗಿ ಅಂಟು ಬಿಡುತ್ತದೆ. ಈರುಳ್ಳಿ ಹಾಕುವುದಾದರೆ ನೀರು ಹಿಂಡಿ. ಕಂಬಿ ಚಪ್ಪಟೆಯದಾಗಿರಲಿ: ಗುಂಡು ಕಂಬಿಯನ್ನು ತಿರುಗಿಸಿದರೆ ಕಂಬಿ ಮಾತ್ರ ತಿರುಗುತ್ತದೆ, ಕಬಾಬ್ ಇದ್ದಲ್ಲೇ ಇರುತ್ತದೆ.

ಟೆಕ್ಸಾಸ್‌ನಲ್ಲಿ ದನದ ಎದೆಭಾಗವನ್ನು ಸಣ್ಣ ಕಾವಿನಲ್ಲಿ ಹತ್ತು ಹನ್ನೆರಡು ಗಂಟೆ ಹೊಗೆಯಾಡಿಸುತ್ತಾರೆ. ಒಳಗಾವು 65, 70ರ ಹತ್ತಿರ ಬಂದು ಗಂಟೆಗಟ್ಟಲೆ ಜಪ್ಪಯ್ಯ ಎಂದರೂ ಏರುವುದಿಲ್ಲ. ಹೊಸಬರು ಹೆದರಿ ಸೌದೆ ತುರುಕುತ್ತಾರೆ. ಕಾರಣ ಬೆವರು! ಮೇಲ್ಮೈಯಿಂದ ಆರುವ ನೀರು, ಮಣ್ಣಿನ ಹೂಜಿಯಲ್ಲಿ ಆಗುವ ಹಾಗೆ, ಬಂದ ಕಾವನ್ನೆಲ್ಲ ಒಯ್ದುಬಿಡುತ್ತದೆ. ಫಾಯಿಲ್ ಸುತ್ತಿದರೆ ಆರುವುದು ನಿಂತು ಕಾವು ಮತ್ತೆ ಏರುತ್ತದೆ. ಕತ್ತರಿಸಿದಾಗ ಅಂಚಿನಲ್ಲಿ ಕಾಣುವ ಗುಲಾಬಿ ಬಳೆ ಹೊಗೆಯ ಅನಿಲಗಳು ಮಯೋಗ್ಲೋಬಿನ್‌ಗೆ ಅಂಟಿದ ಗುರುತು. ನೋಡಲು ಚೆಂದ, ರುಚಿಗೆ ಸೊನ್ನೆ.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್ 1950ರಲ್ಲಿ ಪ್ರಕಟಿಸಿದ ಕೋಳಿ ಸುಡುವ ಸಾಸಿನಲ್ಲಿ ವಿನಿಗರ್, ಎಣ್ಣೆ, ಜೊತೆಗೆ ಒಂದು ಹಸಿ ಮೊಟ್ಟೆ. ಎಣ್ಣೆ ಬೇರೆಯಾಗದೆ ಕೋಳಿಗೆ ಅಂಟಲಿ ಎಂದು ಆ ಮೊಟ್ಟೆ. ಚಿಕನ್ ನಗೆಟ್ ಹಿಂದಿನ ತಲೆಯೂ ಇದೇ ಪ್ರೊಫೆಸರರದ್ದು. ಅಲಬಾಮದ ಡಿಕೇಟರ್‌ನ ಬಿಗ್ ಬಾಬ್ ಗಿಬ್ಸನ್ ಅಂಗಡಿಯಲ್ಲಿ ಸುಟ್ಟ ಕೋಳಿಯನ್ನು ಬಿಳಿ ಮೇಯನೇಸ್ ಸಾಸಿನಲ್ಲಿ ಅದ್ದುತ್ತಾರೆ. ಅರ್ಜೆಂಟೀನಾದವರಿಗೆ ಬರೀ ಉಪ್ಪು ಸಾಕು, ಉಳಿದದ್ದೆಲ್ಲ ಕೆಂಡದ ಕೆಲಸ. ದಕ್ಷಿಣ ಆಫ್ರಿಕದಲ್ಲಿ ಸೆಪ್ಟೆಂಬರ್ 24ರ ಪರಂಪರೆ ದಿನವನ್ನು ಬಹಳ ಮಂದಿ 'ಬ್ರಾಯ್', ಅಂದರೆ ಬಾಡು ಸುಡುವ ದಿನವೆಂದೇ ಆಚರಿಸುತ್ತಾರೆ. ಕೆಂಡದ ಸುತ್ತ ಎಲ್ಲ ಬಣ್ಣದವರೂ ಕೂರಬಹುದೆಂದು 2007ರಲ್ಲಿ ಅದರ ಪೋಷಕರಾದವರು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು.

ಬಾಡು ಕುಯ್ಯುವಾಗ ನಾರು ಯಾವ ಕಡೆ ಓಡಿದೆ ನೋಡಿ ಅಡ್ಡಕ್ಕೆ ಕುಯ್ಯಿರಿ. ಹಲ್ಲು ಮಾಡಬೇಕಾದ ಕೆಲಸವನ್ನು ಚಾಕು ಮುಗಿಸಿರುತ್ತದೆ.

ಅಪಾಯದ ಮಾತನ್ನೂ ಮುಗಿಸಿಬಿಡುತ್ತೇನೆ. ಮಾಂಸ ಕರಕಲಾಗುವಷ್ಟು ಸುಟ್ಟಾಗ, ಕೊಬ್ಬಿನ ಹೊಗೆ ಮೆತ್ತಿದಾಗ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳು ಹುಟ್ಟುತ್ತವೆ. ಮಸಾಲೆಯಲ್ಲಿ ನೆನೆಸುವುದು, ಆಗಾಗ ತಿರುಗಿಸುವುದು, ಕರಕಲು ಕೆರೆದು ಬಿಸಾಡುವುದು ಇವನ್ನು ತಗ್ಗಿಸುತ್ತವೆ. ಹಸಿ ಮಾಂಸ ನೆನೆದ ಮಸಾಲೆಯನ್ನು ಕುದಿಸದೆ ಸುಟ್ಟ ಬಾಡಿಗೆ ಸವರಬಾರದು. ಹೊರಗಿಟ್ಟ ಬಾಡಿಗೆ ಎರಡು ಗಂಟೆ ಗಡುವು. ನಮ್ಮ ಏಪ್ರಿಲ್ ಬಿಸಿಲಿಗೆ, 32 ಡಿಗ್ರಿ ಮೀರಿದರೆ, ಒಂದೇ ಗಂಟೆ. ತಂತಿ ಬ್ರಷ್ಷಿನ ಎಳೆ ಊಟದಲ್ಲಿ ಸೇರಿ ಆಸ್ಪತ್ರೆ ಸೇರಿದವರ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲೇ ಎಚ್ಚರಿಸಿತ್ತು. ಕಾದ ಜಾಲರಿಯನ್ನು ಅರ್ಧ ಹೆಚ್ಚಿದ ಈರುಳ್ಳಿಯಿಂದ ತಿಕ್ಕಿ, ಎಣ್ಣೆ ಬಟ್ಟೆ ಆಡಿಸಿ, ಬಾಡು ಅಂಟುವುದಿಲ್ಲ. ಎಲ್ಲಕ್ಕಿಂತ ದೊಡ್ಡದು: ಮಳೆ ಬಂತೆಂದು ಕೆಂಡದ ಒಲೆಯನ್ನು ಮನೆಯೊಳಗೆ, ಗ್ಯಾರೇಜಿಗೆ, ಗಾಜು ಮುಚ್ಚಿದ ಬಾಲ್ಕನಿಗೆ ಒಯ್ಯಬೇಡಿ. ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ.

ಮನುಷ್ಯ ಬೆಂಕಿ ಬಳಸಿದ್ದು ಎಂದಿನಿಂದ? ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷ ಹಿಂದಿನ ಬೂದಿ, ಸುಟ್ಟ ಮೂಳೆ ಸಿಕ್ಕಿವೆ. ನಮ್ಮ ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿದಿಬ್ಬವಿದೆ. ಅದನ್ನು ಅಗೆಸಿದ ಪುರಾತತ್ವಜ್ಞ ಕೆ. ಪದ್ದಯ್ಯ ಅವರಿಗೆ ಪ್ರಾಣಿಗಳನ್ನು ಕಡಿದು ಪಾಲು ಮಾಡುತ್ತಿದ್ದ ನೆಲವೇ ಸಿಕ್ಕಿತು. ಗುಡ್ಡೆ ಬಾಡಿನ ಲೆಕ್ಕ ಅಲ್ಲೂ ನಡೆದಿರಬಹುದೇನೋ.

ಬಾಡು ಮುಗಿದರೂ ಕೆಂಡ ಮುಗಿದಿರುವುದಿಲ್ಲ. ಗೊಜ್ಜಿಗೆ ಬದನೆಕಾಯಿ, ಮಕ್ಕಳಿಗೆ ಗೆಣಸು, ಮಾಂಸ ತಿನ್ನದ ನೆಂಟರಿಗೆ ಮುಸುಕಿನ ಜೋಳ. ಜಾಲರಿ ಮಾತ್ರ ಅವರದು ಬೇರೆ ಇರಲಿ. ಅಮೆರಿಕದ ಪಾರ್ಕುಗಳಲ್ಲಿ ಬೇಸಿಗೆ ಪಿಕ್ನಿಕ್ ಮಾಡುವ ಕನ್ನಡ ಕೂಟದವರಿಗೂ ಈ ಪಂಕ್ತಿಭೇದ ಹೊಸದೇನಲ್ಲ, ಅಲ್ಲಿ ಫಾಯಿಲ್ ಹಾಸಿ ಸುಧಾರಿಸುತ್ತಾರೆ.

ಬೂದಿಯಡಿಯ ಕೆಂಡ ಮರುದಿನವೂ ಜೀವಂತ ಇರಬಲ್ಲದು. ಪ್ಲಾಸ್ಟಿಕ್ ಬಕೆಟ್ಟಿಗೋ ತರಗೆಲೆ ಗುಂಡಿಗೋ ಸುರಿಯುವ ಮೊದಲು ಕಬ್ಬಿಣದ ಬಾಂಡಲಿಯಲ್ಲಿ ಮುಚ್ಚಿಟ್ಟು ಪೂರ್ತಿ ಆರಿಸಿ. ಬರೀ ಕಟ್ಟಿಗೆಯ ಬೂದಿಯಾದರೆ ತೆಂಗಿನ ಬುಡಕ್ಕೆ ಹಾಕಿ, ಅದರಲ್ಲಿ ಪೊಟ್ಯಾಷ್ ಇದೆ; ಅಂಗಡಿಯ ಇದ್ದಿಲುಂಡೆಯ ಬೂದಿಯಾದರೆ ಕಸಕ್ಕೆ.